ಸರಸ್ವತಿಪುರಂನ ಫ್ರೆಂಚ್ ತರಗತಿ: ಮಾತಿಗೆ ಪೂರ್ಣ ಅಂಕ, ಬರವಣಿಗೆಗೆ ಅರ್ಧ

ಮೈಸೂರಿನ ಸರಸ್ವತಿಪುರಂನಲ್ಲಿ ಮನೆಯೊಂದರ ಮಹಡಿಯ ಮೇಲೆ ಶನಿವಾರ, ಭಾನುವಾರಗಳಂದು ನಡೆಯುವ ಈ ಫ್ರೆಂಚ್ ತರಗತಿಗೆ ಹೊರಗೆ ಫಲಕವೂ ಇಲ್ಲ, ಜಾಹೀರಾತೂ ಇಲ್ಲ; ಬಾಯಿಂದ ಬಾಯಿಗೆ ಹಬ್ಬಿದ ಮಾತಿನಿಂದಲೇ ಅದು ತುಂಬುತ್ತದೆ. ಫ್ರೆಂಚ್ ಭಾಷಾ ಪ್ರಮಾಣಪತ್ರದ ಮೊದಲ ಹಂತವಾದ ಡೆಲ್ಫ್ ಎ1 ಪರೀಕ್ಷೆಗೆ ಕೂರಲಿರುವವರು, ಶಾಲೆಯಲ್ಲಿ ಫ್ರೆಂಚ್ ಆರಿಸಿಕೊಂಡ ಮಕ್ಕಳು, ಯೋಗ ಕಲಿಯಲು ಗೋಕುಲಂಗೆ ಬರುವ ವಿದೇಶೀಯರೊಡನೆ ವ್ಯವಹಾರವಿರುವವರು, ಎಲ್ಲರೂ ಒಂದೇ ಕೋಣೆಯಲ್ಲಿ ಕೂರುತ್ತಾರೆ. ಇಡೀ ಪಠ್ಯಕ್ರಮವನ್ನು ತೂಗುವ ಬದಲು ಸಮೀಪ ಭವಿಷ್ಯತ್ಕಾಲವನ್ನು, ಅಂದರೆ ಫ್ರೆಂಚರ ‘ಫ್ಯುತ್ಯೂರ್ ಪ್ರೋಶ್’ ಅನ್ನು ಇಲ್ಲಿ ಕಲಿಸುವ ಬಗೆಯನ್ನಷ್ಟೇ ಹಿಡಿದು ಬರೆಯುತ್ತಿದ್ದೇನೆ, ಏಕೆಂದರೆ ಈ ತರಗತಿಯ ಬಲವೂ ದೋಷವೂ ಆ ಒಂದು ಪಾಠದಲ್ಲೇ ಕಾಣಸಿಗುತ್ತವೆ.

ನಿಯಮವೇನೋ ಸರಳ. ‘ಹೋಗು’ ಎಂಬರ್ಥದ ‘ಆಲೆ’ ಕ್ರಿಯಾಪದದ ವರ್ತಮಾನಕಾಲದ ಆರು ರೂಪಗಳನ್ನು ಕಲಿತು, ಅವುಗಳ ನಂತರ ಬೇಕಾದ ಕ್ರಿಯಾಪದವನ್ನು ಮೂಲರೂಪದಲ್ಲಿಯೇ ಇಟ್ಟರೆ ಭವಿಷ್ಯತ್ಕಾಲ ಸಿದ್ಧವಾಗುತ್ತದೆ: ಝ ವೆ, ತ್ಯು ವಾ, ಇಲ್ ವಾ, ನೂಜಾಲೋಂ, ವೂಜಾಲೆ, ಇಲ್ ವೋಂ. ಆದರೆ ಶಿಕ್ಷಕಿ ಈ ಪಟ್ಟಿಯನ್ನು ಮೊದಲ ದಿನ ಹಲಗೆಯ ಮೇಲೆ ಬರೆಯುವುದೇ ಇಲ್ಲ. ‘ಈ ಸಂಜೆ ಏನು ಮಾಡಲಿದ್ದೀರಿ?’ ಎಂದು ಫ್ರೆಂಚಿನಲ್ಲಿ ಒಬ್ಬ ವಿದ್ಯಾರ್ಥಿನಿಯನ್ನು ಕೇಳುತ್ತಾರೆ. ಆಕೆ ದೇವರಾಜ ಮಾರುಕಟ್ಟೆಯಲ್ಲಿ ಹೂವು ಕೊಳ್ಳುವೆನೆಂದು ‘ಝ ವೆ ಆಶ್ತೆ ದೆ ಫ್ಲರ್’ ಎಂದರೆ, ಪಕ್ಕದವರು ಅದನ್ನು ಮೂರನೆಯವರಿಗೆ ‘ಎಲ್ ವಾ ಆಶ್ತೆ ದೆ ಫ್ಲರ್’ ಎಂದು ವರದಿ ಮಾಡಬೇಕು. ಹೀಗೆ ಮಾತು ಕೋಣೆಯನ್ನು ಒಂದು ಸುತ್ತು ಹಾಕುವಷ್ಟರಲ್ಲಿ ಆರೂ ರೂಪಗಳು ನಾಲಿಗೆಗೆ ಹತ್ತಿರುತ್ತವೆ, ಪಟ್ಟಿ ಬರುವುದು ಅನಂತರ.

ನಿಷೇಧದ ಪಾಠ ಇನ್ನೂ ಸೊಗಸಾಗಿತ್ತು. ಕನ್ನಡದಲ್ಲಿ ‘ಇಲ್ಲ’ ಎಂಬುದು ವಾಕ್ಯದ ಕೊನೆಗೆ ಬಂದು ಕೂರುವುದರಿಂದ ನಮ್ಮವರು ಸಹಜವಾಗಿ, ಫ್ರೆಂಚಿನಲ್ಲಿ ನಿಷೇಧ ಸೂಚಿಸುವ ‘ನ’, ‘ಪಾ’ ಜೋಡಿಯ ‘ಪಾ’ವನ್ನೂ ಕೊನೆಗೇ ತಳ್ಳುತ್ತಾರೆ. ಇದನ್ನು ತಿದ್ದಲು ಶಿಕ್ಷಕಿ ಒಂದೊಂದು ಪದ ಬರೆದ ರಟ್ಟಿನ ಚೀಟಿಗಳನ್ನು ವಿದ್ಯಾರ್ಥಿಗಳ ಕೈಗೆ ಕೊಟ್ಟು ಸಾಲಾಗಿ ನಿಲ್ಲಿಸಿದರು. ‘ವೆ’ ಹಿಡಿದವನ ಎಡಕ್ಕೆ ‘ನ’, ಬಲಕ್ಕೆ ‘ಪಾ’ ನಿಂತು, ‘ಮಾಂಝೆ’ ಹಿಡಿದ ಹುಡುಗಿ ಇವರ ಗೊಡವೆಯೇ ಇಲ್ಲದೆ ಕೊನೆಯಲ್ಲಿ ಉಳಿದಳು: ‘ಝ ನ ವೆ ಪಾ ಮಾಂಝೆ’, ನಾನು ತಿನ್ನುವುದಿಲ್ಲ. ‘ಅವನನ್ನು’ ಎಂಬರ್ಥದ ‘ಲ’ ಚೀಟಿ ಹಿಡಿದವನು ಮಾತ್ರ ಎಲ್ಲಿ ನಿಲ್ಲಬೇಕೆಂದು ತೋಚದೆ ಸಾಲಿನ ಹಿಂದೆ ಮುಂದೆ ಓಡಾಡಿ, ಕೊನೆಗೆ ಸಹಾಯಕ ಕ್ರಿಯಾಪದವಾದ ‘ವೆ’ಯನ್ನು ದಾಟಿ ಮೂಲರೂಪಕ್ಕೆ ಸ್ವಲ್ಪ ಮೊದಲು ನಿಂತ: ‘ಝ ವೆ ಲ ವ್ವಾರ್’, ಅವನನ್ನು ನೋಡಲಿದ್ದೇನೆ. ಆ ಜಾಗವನ್ನು ಆ ಹುಡುಗನಂತೂ ಮರೆಯಲಾರ.

ಹೆಸರಿನಲ್ಲಿ ‘ಸಮೀಪ’ ಎಂದಿದ್ದರೂ ಇಲ್ಲಿ ಗಡಿಯಾರದ ಲೆಕ್ಕ ಮುಖ್ಯವಲ್ಲ, ಈಗಲೇ ಇರುವ ಸಂಕಲ್ಪ ಅಥವಾ ಕಣ್ಣಿಗೆ ಕಾಣುವ ಲಕ್ಷಣ ಮುಖ್ಯ ಎಂಬುದನ್ನೂ ಅವರು ಬಿಡದೆ ಹೇಳಿದರು. ಚಾಮುಂಡಿ ಬೆಟ್ಟದ ಮೇಲೆ ಮೋಡ ಕವಿದರೆ ‘ಇಲ್ ವಾ ಪ್ಲವ್ವಾರ್’, ಮಳೆ ಬರಲಿದೆ. ಹತ್ತು ವರ್ಷಗಳ ಮೇಲೆ ವೈದ್ಯಳಾಗುವೆನೆಂದು ಈಗಲೇ ನಿಶ್ಚಯಿಸಿದವಳೂ ಇದೇ ರೂಪವನ್ನು ಬಳಸಬಹುದು.

ದೋಷವಿರುವುದು ಬರವಣಿಗೆಯಲ್ಲಿ. ಕಿವಿಯಿಂದಲೇ ಕಲಿಸುವ ಹುರುಪಿನಲ್ಲಿ ಇವರು ಟಿಪ್ಪಣಿಗಳನ್ನು ಕನ್ನಡ ಲಿಪಿಯಲ್ಲಿ ಬರೆದುಕೊಳ್ಳಲು ಬಿಡುತ್ತಾರೆ, ಮತ್ತು ಪ್ರಾರಂಭದಲ್ಲಿ ಅದು ದೊಡ್ಡ ಉಪಕಾರವೇ. ಆದರೆ ‘ತಿನ್ನು’ ಎಂಬರ್ಥದ ಮೂಲರೂಪ, ಅದರ ಭೂತಕೃದಂತ (ಭೂತಕಾಲ ಕಟ್ಟಲು ಬಳಸುವ ರೂಪ), ‘ನೀವು’ ಎಂಬುದರೊಡನೆ ಬರುವ ವರ್ತಮಾನರೂಪ, ಮೂರಕ್ಕೂ ಫ್ರೆಂಚಿನಲ್ಲಿ ಕಾಗುಣಿತ ಬೇರೆ ಬೇರೆ, ಉಚ್ಚಾರಣೆ ಮಾತ್ರ ಒಂದೇ. ಬರೆದಂತೆಯೇ ಓದುವ ನಮ್ಮ ಲಿಪಿಯಲ್ಲಿ ಮೂರೂ ‘ಮಾಂಝೆ’ಯೇ ಆಗುವುದರಿಂದ, ಮೂಲರೂಪದ ಕೊನೆಯ ಮೌನ ‘ರ್’ ನೋಟುಪುಸ್ತಕದಲ್ಲಿ ಕಾಣಿಸಿಕೊಳ್ಳುವುದೇ ಇಲ್ಲ. ನನ್ನ ಪಕ್ಕದಲ್ಲಿ ಕೂರುತ್ತಿದ್ದ ಯುವಕ ಮಾತಿನಲ್ಲಿ ನಿರರ್ಗಳನಾಗಿದ್ದರೂ, ರೋಮನ್ ಲಿಪಿಯಲ್ಲಿ ಬರೆಯಲು ಹೇಳಿದಾಗ ಸಾಲುಸಾಲಾಗಿ ಭೂತಕೃದಂತವನ್ನೇ ಬರೆದ. ಡೆಲ್ಫ್ ಎ1ರಲ್ಲಿ ಒಟ್ಟು 100 ಅಂಕಗಳಿದ್ದು ಅದರಲ್ಲಿ 25 ಬರವಣಿಗೆಗೇ ಮೀಸಲು; ಉತ್ತೀರ್ಣರಾಗಲು 50 ಸಾಕಾದರೂ ಪ್ರತಿ ವಿಭಾಗದಲ್ಲೂ ಕನಿಷ್ಠ 5 ಬರಲೇಬೇಕು. ಮದ್ದು ಸುಲಭವಾದದ್ದೇ ಆಗಿದೆ: ಅನುಮಾನ ಬಂದಲ್ಲಿ ಆ ಜಾಗಕ್ಕೆ ‘ತೆಗೆದುಕೊಳ್ಳು’ ಎಂಬರ್ಥದ ‘ಪ್ರಾಂದ್ರ್’ ಅನ್ನು ಇಟ್ಟು ನೋಡುವುದು. ‘ಝ ವೆ ಪ್ರಾಂದ್ರ್’ ಸರಿಹೊಂದುತ್ತದೆ, ಅದರ ಕೃದಂತವಾದ ‘ಪ್ರಿ’ ಅಲ್ಲಿ ಹೊಂದುವುದಿಲ್ಲ. ಆದ್ದರಿಂದ ಬೇಕಾದದ್ದು ಮೂಲರೂಪ. ಇಷ್ಟನ್ನು ಹೇಳಿ ವಾರಕ್ಕೊಂದು ಉಕ್ತಲೇಖನ ಕೊಡಲು ಈ ತರಗತಿಗೆ ಏಕೆ ಪುರಸೊತ್ತಿಲ್ಲವೋ ತಿಳಿಯದು.

ಇನ್ನೊಂದು ಆಕ್ಷೇಪವೂ ಇದೆ. ‘ಆಲೆ’ಯ ನೆರವಿಲ್ಲದೆ ಕ್ರಿಯಾಪದದ ಕೊನೆಯನ್ನೇ ಬದಲಿಸಿ ಮಾಡುವ ಸಾಮಾನ್ಯ ಭವಿಷ್ಯತ್ಕಾಲವನ್ನು ಮುಂದಿನ ಹಂತಕ್ಕೆ ತಳ್ಳಿರುವುದು ಸರಿಯೇ, ಆದರೆ ‘ಎರಡು ಭವಿಷ್ಯಗಳೂ ಒಂದೇ’ ಎಂದು ಹೇಳಿ ಕಳಿಸುವುದು ಸರಿಯಲ್ಲ. ‘ನೀನು ಬಂದಾಗ’ ಎಂದು ಭವಿಷ್ಯದ ಬಗ್ಗೆ ಬರೆಯುವಾಗ ಶಿಷ್ಟ ಫ್ರೆಂಚ್ ‘ಕಾಂ ತ್ಯು ಆರಿವ್ರಾ’ ಎಂಬ ಸಾಮಾನ್ಯ ಭವಿಷ್ಯದ ರೂಪವನ್ನೇ ಬಯಸುತ್ತದೆ.

ಶುಲ್ಕವನ್ನು ತಿಂಗಳ ಮೊದಲೇ ಕಟ್ಟಬೇಕು, ತಪ್ಪಿದ ತರಗತಿಗೆ ಮರುಪಾಠವಿಲ್ಲ. ಸಮಯಪಾಲನೆ ಮಾತ್ರ ಅಚ್ಚುಕಟ್ಟು. ಮಂಡ್ಯದಿಂದ ರೈಲಿನಲ್ಲಿ ಬರುವವರು ನಿಶ್ಚಿಂತೆಯಿಂದ ಹಿಂದಿರುಗಬಹುದು. ಮಾತು ಕಲಿಯಬೇಕೆನ್ನುವವರು ಹಿಂದೆ ಮುಂದೆ ನೋಡದೆ ಸೇರಬಹುದು. ಪರೀಕ್ಷೆಯ ಗುರಿಯುಳ್ಳವರು ಸೇರುವಾಗಲೇ ಉಕ್ತಲೇಖನ ಬೇಕೆಂದು ಕೇಳಿಕೊಳ್ಳಲಿ, ಎರಡನೆಯ ವಾರದಿಂದಲಾದರೂ ನೋಟುಪುಸ್ತಕದಲ್ಲಿ ಕನ್ನಡ ಲಿಪಿಯ ಪಕ್ಕದಲ್ಲೇ ಫ್ರೆಂಚ್ ಕಾಗುಣಿತವನ್ನೂ ಬರೆದುಕೊಳ್ಳಲಿ.