ಕ್ಯಾರವಾನ್ ಎಳೆಯುವುದಾ, ಮೋಟರ್‌ಹೋಮ್ ಓಡಿಸುವುದಾ? ಉಲುರು ದಾರಿಯ ಬಿಸಿಲಲ್ಲಿ ಎರಡರ ಹೋಲಿಕೆ

ದಕ್ಷಿಣ ಆಸ್ಟ್ರೇಲಿಯಾದ ಅಡಿಲೇಡ್‌ನಿಂದ, ಖಂಡದ ನಡುವಿನ ದೊಡ್ಡ ಕೆಂಪು ಬಂಡೆ ಉಲುರುಗೆ ಸುಮಾರು 1,600 ಕಿ.ಮೀ. ಪೋರ್ಟ್ ಆಗಸ್ಟಾ ದಾಟಿ ಸ್ಟುವರ್ಟ್ ಹೆದ್ದಾರಿ ಹಿಡಿದ ಮೇಲೆ ಊರುಗಳು ಮುಗಿದವು ಅಂತಲೇ ಲೆಕ್ಕ. ಕೆಂಪು ಮಣ್ಣು, ಕುರುಚಲು ಗಿಡ, ಉಪ್ಪಿನ ಕೆರೆಗಳು, ಮಧ್ಯೆ ಮಧ್ಯೆ ಬಂಕ್, ಊಟ, ವಸತಿ ಸಿಗುವ ಒಂದೊಂದು ರೋಡ್‌ಹೌಸ್. ಈ ದಾರಿಯಲ್ಲಿ ನಾವು ಒಮ್ಮೆ ನಮ್ಮ ಡೀಸೆಲ್ ಕಾರಿನ ಹಿಂದೆ ಬಾಡಿಗೆ ಕ್ಯಾರವಾನ್, ಅಂದರೆ ಎಳೆದೊಯ್ಯುವ ಚಕ್ರದ ಮನೆ, ಕಟ್ಟಿಕೊಂಡು ಹೋದೆವು, ಇನ್ನೊಮ್ಮೆ ತಾನೇ ಓಡುವ ಮನೆಯಂಥ ಗಾಡಿ ಮೋಟರ್‌ಹೋಮ್ ತೆಗೆದುಕೊಂಡೆವು. ಎರಡು ಸಲವೂ ಅಕ್ಟೋಬರ್‌ನ ಶಾಲಾ ರಜೆ. ನಾವಿಬ್ಬರು, ಇಬ್ಬರು ಮಕ್ಕಳು, ರಾಯಚೂರಿನಿಂದ ಬಂದಿದ್ದ ಅಮ್ಮ. ಇಲ್ಲಿನ ಕನ್ನಡದ ಗೆಳೆಯರು ರಜೆ ಹತ್ತಿರವಾದಾಗಲೆಲ್ಲ ಯಾವುದು ಒಳ್ಳೆಯದು ಅಂತ ಕೇಳುತ್ತಾರೆ. ನನ್ನ ಉತ್ತರ ಕ್ಯಾರವಾನ್. ಆದರೆ ಅದು ಎಲ್ಲರಿಗೂ ಹೊಂದುವುದಿಲ್ಲ.

ಮೊದಲು ದಾರಿಯ ಸೆಕೆಯ ಮಾತು. ಚಲಿಸುತ್ತಿರುವ ಕ್ಯಾರವಾನ್ ಒಳಗೆ ಯಾರೂ ಕೂರುವ ಹಾಗಿಲ್ಲ, ಅದು ಕಾನೂನು. ಹಾಗಾಗಿ ಐದೂ ಜನ ಕಾರಿನಲ್ಲೇ. ಕಾರಿನ ಎಸಿ ಚಿಕ್ಕ ಜಾಗವನ್ನು ಬೇಗ ತಂಪು ಮಾಡುತ್ತದೆ. ಮೋಟರ್‌ಹೋಮ್‌ನಲ್ಲಿ ಮಕ್ಕಳಿಗೆ ಮೇಜು ಸಿಗುತ್ತದೆ, ಚಿತ್ರ ಬರೆಯುತ್ತಾ ಬರಬಹುದು, ಅದು ನಿಜಕ್ಕೂ ಖುಷಿ. ಆದರೆ ಓಡುವಾಗ ಕೆಲಸ ಮಾಡುವುದು ಡ್ಯಾಶ್‌ಬೋರ್ಡಿನ ಎಸಿ ಮಾತ್ರ. ಚಾವಣಿಯ ಎಸಿಗೆ 240 ವೋಲ್ಟ್ ವಿದ್ಯುತ್ ಬೇಕು, ಗಾಡಿ ನಿಲ್ಲಿಸಿ ಪ್ಲಗ್ ಹಾಕಿದ ಮೇಲೇ ಅದು. ಹೊರಗೆ 37 ಡಿಗ್ರಿ ಇದ್ದಾಗ ಮುಂದಿನ ಸೀಟಿನಲ್ಲಿ ನಾನು ತಣ್ಣಗಿದ್ದೆ, ಹಿಂದೆ ಕೂತ ಅಮ್ಮ ಒದ್ದೆ ಟವೆಲ್ ಕೊರಳಿಗೆ ಹಾಕಿಕೊಂಡಿದ್ದರು. ರಾಯಚೂರಿನ ಬಿಸಿಲು ಕಂಡವರೇ ಹಾಗೆ ಅಂದರೆ ಮಕ್ಕಳ ಗತಿ ಏನು ಅಲ್ವಾ? ವಯಸ್ಸಾದವರು ಜೊತೆಗಿದ್ದರೆ ಇದೊಂದೇ ಕಾರಣಕ್ಕೆ ನಾನು ಮೋಟರ್‌ಹೋಮ್ ಬಿಟ್ಟುಬಿಡುತ್ತೇನೆ.

ಓಡಿಸುವ ಸುಖ ಮಾತ್ರ ಮೋಟರ್‌ಹೋಮ್‌ನದ್ದೇ. ಈ ಹೆದ್ದಾರಿಯಲ್ಲಿ 53.5 ಮೀಟರ್ ಉದ್ದದ ರೋಡ್ ಟ್ರೈನ್‌ಗಳು, ಅಂದರೆ ಒಂದರ ಹಿಂದೊಂದು ಟ್ರೈಲರ್ ಎಳೆಯುವ ಲಾರಿಗಳು, ಓಡಾಡುತ್ತವೆ. ಎದುರಿನಿಂದ ಒಂದು ಹಾದು ಹೋದರೆ ಗಾಳಿ ಮೊದಲು ನೂಕುತ್ತದೆ, ಆಮೇಲೆ ಎಳೆಯುತ್ತದೆ. ಮೋಟರ್‌ಹೋಮ್ ಒಂದೇ ಮೈ, ಸ್ವಲ್ಪ ಅಲುಗಿ ಸುಮ್ಮನಾಗುತ್ತದೆ. ಕ್ಯಾರವಾನ್ ಬಾಲ ಅಲ್ಲಾಡಿಸುತ್ತದೆ. ಭಾರ ಹಂಚುವುದು ಸರಿಯಿಲ್ಲದಿದ್ದರೆ ಆ ಅಲುಗಾಟ ನಿಲ್ಲುವುದೇ ಇಲ್ಲ. ಟೋ ಬಾಲ್ (ಕಾರಿನ ಹಿಂದೆ ಕ್ಯಾರವಾನ್ ಸಿಕ್ಕಿಸುವ ಗುಂಡು) ಮೇಲೆ ಕ್ಯಾರವಾನ್ ತೂಕದ ಸುಮಾರು ಹತ್ತನೇ ಒಂದು ಪಾಲು ಕೂರಬೇಕು. ಅಕ್ಕಿ, ನೀರಿನ ಕ್ಯಾನು, ಕುಕ್ಕರ್‌ನಂಥ ಭಾರದ್ದೆಲ್ಲ ಚಕ್ರದ ಮೇಲೆ, ನೆಲಕ್ಕೆ ಹತ್ತಿರ ಇಡಬೇಕು, ಹಿಂಬದಿಗೆ ಅಲ್ಲ. ದಕ್ಷಿಣ ಆಸ್ಟ್ರೇಲಿಯಾದಲ್ಲಿ ವೇಗದ ಮಿತಿ 110, ನಾರ್ದರ್ನ್ ಟೆರಿಟರಿ ಹೊಕ್ಕ ಮೇಲೆ 130. ನಾವು ಎರಡೂ ಕಡೆ 90ರಲ್ಲೇ ಹೋದೆವು.

ಡೀಸೆಲ್ ಲೆಕ್ಕ ನೋಡಿ. ಖಾಲಿ ಕಾರು 100 ಕಿ.ಮೀ.ಗೆ ಹತ್ತು ಲೀಟರ್ ಕುಡಿದರೆ, ಕ್ಯಾರವಾನ್ ಕಟ್ಟಿದ ಮೇಲೆ ಹದಿನೇಳು, ಎದುರುಗಾಳಿ ಇದ್ದರೆ ಇಪ್ಪತ್ತು. ಮೋಟರ್‌ಹೋಮ್ ಹದಿನಾಲ್ಕರ ಆಸುಪಾಸು. ಗ್ಲೆಂಡಾಂಬೊದಿಂದ ಕೂಬರ್ ಪೀಡಿಗೆ ಸುಮಾರು 250 ಕಿ.ಮೀ., ಮಧ್ಯೆ ಬಂಕ್ ಇಲ್ಲ. ಗ್ಲೆಂಡಾಂಬೊದಲ್ಲಿ ಟ್ಯಾಂಕ್ ತುಂಬಿಸಿ, ರೇಟು ಜಾಸ್ತಿ ಅಂತ ಮುಂದಕ್ಕೆ ಹಾಕಬೇಡಿ.

ಸಂಜೆ ತಂಗುವಾಗ ಮೋಟರ್‌ಹೋಮ್‌ನದ್ದು ಐದು ನಿಮಿಷದ ಕೆಲಸ. ನಿಲ್ಲಿಸು, ವೈರ್ ಹಾಕು, ಅಷ್ಟೇ. ಕ್ಯಾರವಾನ್ ಅಂದರೆ ಹಿಮ್ಮುಖ ಓಡಿಸಬೇಕು, ಮಟ್ಟ ನೋಡಬೇಕು, ಅಲುಗದಂತೆ ಅದರ ಆಧಾರದ ಕಾಲುಗಳನ್ನು ಇಳಿಸಬೇಕು. ದಿನವೆಲ್ಲ ಬಿಸಿಲು ಕುಡಿದ ಒಳಭಾಗ ಎರಡರಲ್ಲೂ ಒಲೆಯ ಹಾಗೆ ಕಾದಿರುತ್ತದೆ. ಎಸಿ ಹಾಕಿದ ಮೇಲೂ ತಂಪಾಗಲು ಒಂದು ಗಂಟೆ ಬೇಕು. ಒಂದು ಉಪಾಯ ಎರಡಕ್ಕೂ ನಡೆಯುತ್ತದೆ: ಗಾಡಿಯ ಮೂತಿ ದಕ್ಷಿಣಕ್ಕೆ ಇರುವಂತೆ ನಿಲ್ಲಿಸಿ. ಬಾಗಿಲು ಮತ್ತು ನೆರಳು ಚಪ್ಪರ ಎಡಬದಿಗಿರುತ್ತವೆ, ಅಂದರೆ ಪೂರ್ವಕ್ಕೆ. ಮಧ್ಯಾಹ್ನದ ಮೇಲೆ ಗಾಡಿಯ ನೆರಳೇ ಚಪ್ಪರದ ಮೇಲೆ ಬೀಳುತ್ತದೆ. ಅಡುಗೆ ಅಲ್ಲೇ ಹೊರಗೆ ಮಾಡಿ. ಒಳಗೆ ಕುಕ್ಕರ್ ಕೂಗಿಸಿದರೆ ಎಸಿಯ ಶ್ರಮವೆಲ್ಲ ವ್ಯರ್ಥ. ನಾವು ರಾತ್ರಿಗೆ ಬಿಸಿ ಅನ್ನ, ಮಧ್ಯಾಹ್ನಕ್ಕೆ ಒಗ್ಗರಣೆ ಅವಲಕ್ಕಿ, ಮೊಸರನ್ನ, ಶೇಂಗಾ ಚಟ್ನಿಪುಡಿ ಅಂತ ಇಟ್ಟುಕೊಂಡೆವು.

ಫ್ರಿಜ್ ಯಾವುದು ಅಂತ ಮೊದಲೇ ಕೇಳಿ. ಗ್ಯಾಸ್‌ನಲ್ಲೂ ನಡೆಯುವ ಹಳೆಯ ಮಾದರಿ 35 ಡಿಗ್ರಿ ದಾಟಿದರೆ ಸೋಲುತ್ತದೆ. ಕಂಪ್ರೆಸರ್ ಫ್ರಿಜ್ ಇರುವ ಗಾಡಿಯನ್ನೇ ತೆಗೆದುಕೊಳ್ಳಿ.

ಇನ್ನು ಕ್ಯಾರವಾನ್ ಗೆದ್ದ ಜಾಗ. ಉಲುರು–ಕಾಟಾ ಜುಟಾ ರಾಷ್ಟ್ರೀಯ ಉದ್ಯಾನದ ಒಳಗೆ ತಂಗಲು ಬಿಡುವುದಿಲ್ಲ. ಉದ್ಯಾನದ ಹೊರಗಿನ ಪುಟ್ಟ ಊರು ಯುಲಾರಾದಲ್ಲೇ ಉಳಿಯಬೇಕು. ಅಲ್ಲಿಂದ ಉಲುರುಗೆ ಸುಮಾರು 20 ಕಿ.ಮೀ., ಕಾಟಾ ಜುಟಾ ಎಂಬ ಬಂಡೆಗುಡ್ಡಗಳಿಗೆ 50. ಬಿಸಿಲಿಗೆ ಮುಂಚೆ ನಡೆದು ಮುಗಿಸಬೇಕು. ಕಾಟಾ ಜುಟಾದ ವ್ಯಾಲಿ ಆಫ್ ದ ವಿಂಡ್ಸ್ ಹಾದಿಯನ್ನು, 36 ಡಿಗ್ರಿ ಅಥವಾ ಹೆಚ್ಚಿನ ಮುನ್ಸೂಚನೆ ಇರುವ ದಿನ, ಬೆಳಿಗ್ಗೆ 11ಕ್ಕೇ ‘ಕಾರು’ (Karu) ಅನ್ನುವ ಹೆಸರಿನ ವೀಕ್ಷಣಾ ತಾಣದಿಂದ ಮುಂದಕ್ಕೆ ಮುಚ್ಚುತ್ತಾರೆ. ಅಂದರೆ ನಸುಕಿನಲ್ಲೇ ಹೊರಡಬೇಕು. ಕ್ಯಾರವಾನ್ ಇದ್ದಾಗ ನಾನು ಮತ್ತು ಮಗಳು ಕಾರು ತೆಗೆದು ಸದ್ದಿಲ್ಲದೆ ಹೊರಟೆವು. ಅಮ್ಮ, ಮಗ, ಹೆಂಡತಿ ಎಸಿಯಲ್ಲಿ ನಿದ್ದೆ ಮಾಡುತ್ತಿದ್ದರು. ಮೋಟರ್‌ಹೋಮ್‌ನಲ್ಲಿ ಎಲ್ಲರನ್ನೂ ಎಬ್ಬಿಸಿ, ಹಾಸಿಗೆ ಮಡಿಸಿ, ವೈರ್ ತೆಗೆದು, ಚಪ್ಪರ ಸುತ್ತಿ ಹೊರಡಬೇಕಾಯಿತು. ಅಮ್ಮನಿಗೆ ನಡೆಯಲು ಆಗುತ್ತಿರಲಿಲ್ಲ. ವಿದ್ಯುತ್ ಇಲ್ಲದ ಪಾರ್ಕಿಂಗ್‌ನಲ್ಲಿ ಅವರನ್ನು ಕೂರಿಸಿ ನಡೆಯಲು ನನಗೆ ಮನಸ್ಸಾಗಲಿಲ್ಲ. ಆ ಹಾದಿಯನ್ನು ಬಿಟ್ಟೆವು. ಅಷ್ಟು ದೂರ ಹೋಗಿ ಅದನ್ನು ಬಿಟ್ಟಿದ್ದು ನನಗೆ ಇನ್ನೂ ಬೇಜಾರು.

ಟೊಯೊಟಾ ಹೈಏಸ್‌ನಂಥ ವ್ಯಾನಿನೊಳಗೇ ಹಾಸಿಗೆ ಇರುವ ಚಿಕ್ಕ ಕ್ಯಾಂಪರ್‌ವ್ಯಾನ್ ಬಗ್ಗೆಯೂ ಕೇಳುತ್ತಾರೆ. ಇಬ್ಬರಿಗೆ, ಇಲ್ಲಿನ ಚಳಿಗಾಲವಾದ ಜುಲೈನಲ್ಲಿ ಚೆನ್ನ. ಬಿಸಿಲಲ್ಲಿ ಮಕ್ಕಳೊಂದಿಗೆ ಬೇಡ.

ಒಂದೆರಡು ರಾತ್ರಿಯಾದರೂ ಒಂದೇ ಕಡೆ ನಿಲ್ಲುವವರಿಗೆ, ಎಳೆಯುವ ತಾಕತ್ತಿನ ಕಾರು ಇರುವವರಿಗೆ ಕ್ಯಾರವಾನ್. ದಿನಕ್ಕೊಂದು ಊರು ಅನ್ನುವವರಿಗೆ ಮೋಟರ್‌ಹೋಮ್. ಬೆಂಗಳೂರಿನಿಂದ ವಿಮಾನದಲ್ಲಿ ಬರುವವರಿಗೂ ಅದೇ ಸರಿ. ಬಾಡಿಗೆ ಕಾರಿಗೆ ಕ್ಯಾರವಾನ್ ಕಟ್ಟಲು ಹೆಚ್ಚಿನವರು ಒಪ್ಪುವುದಿಲ್ಲ. ಮೋಟರ್‌ಹೋಮ್ ಆದರೆ ಒಂದು ಊರಲ್ಲಿ ಹತ್ತಿ ಇನ್ನೊಂದರಲ್ಲಿ ಬಿಡಬಹುದು. ಏಳು ವರ್ಷದೊಳಗಿನ ಮಕ್ಕಳಿಗೆ ಇಲ್ಲಿ ಚೈಲ್ಡ್ ಸೀಟ್ ಕಡ್ಡಾಯ. ಅದರ ಪಟ್ಟಿ ಬಿಗಿಯುವ ಕೊಂಡಿ ಮೋಟರ್‌ಹೋಮ್‌ನ ಎಲ್ಲ ಸೀಟಿಗೂ ಇರುವುದಿಲ್ಲ, ಎಷ್ಟಿವೆ ಅಂತ ಬುಕ್ ಮಾಡುವ ಮುಂಚೆ ಕೇಳಿ. ಸಾಧ್ಯವಾದರೆ ಮಧ್ಯಾಹ್ನದ ಬಿಸಿಲಲ್ಲೇ ಗಾಡಿ ನೋಡಲು ಹೋಗಿ. ಎಂಜಿನ್ ಚಾಲು ಮಾಡಿಸಿ, ಹಿಂದಿನ ಸೀಟಿನಲ್ಲಿ ಕಾಲು ಗಂಟೆ ಕೂತು, ತಂಪು ಅಲ್ಲಿಯವರೆಗೆ ಬರುತ್ತದಾ ನೋಡಿ.