ಜುಕಿನಿ, ಬದನೆ, ಕುಂಬಳ: ಜೋಳದ ರೊಟ್ಟಿಗೆ ಯಾವುದು ಹೊಂದುತ್ತದೆ?

ಕೊಪ್ಪಳದ ಸಂತೆಯಲ್ಲಿ ನಾನು ಜುಕಿನಿ, ಅಂದರೆ ನೋಡಲು ಸೌತೆಕಾಯಿಯಂತಿರುವ ಆ ಕಾಯಿ, ಕಂಡಿಲ್ಲ. ಎಸಿ ಇರುವ ಅಂಗಡಿಯಲ್ಲಿ, ಬ್ರೊಕೊಲಿ ಪಕ್ಕ, ಪ್ಲಾಸ್ಟಿಕ್ ಸುತ್ತಿ ಇಟ್ಟಿರುತ್ತಾರೆ. ಬೆಲೆ ಬದನೆಕಾಯಿಗಿಂತ ಎಷ್ಟೋ ಜಾಸ್ತಿ. ಮೊಬೈಲ್ ತೆರೆದರೆ ಮಾತ್ರ ಎಲ್ಲೆಲ್ಲೂ ಅದೇ. ತೂಕ ಇಳಿಸಲು ಜುಕಿನಿ, ಶುಗರ್ ಇದ್ದವರಿಗೆ ಜುಕಿನಿ. ಇರಲಿ, ಆದರೆ ನಮ್ಮದು ಎರಡು ಹೊತ್ತೂ ಜೋಳದ ರೊಟ್ಟಿ ತಿನ್ನುವ ಮನೆ. ಅಲ್ಲಿ ಇದು ನಡೆಯುತ್ತದಾ? ಅದನ್ನು ನೋಡೋಣ ಅಂತಲೇ ಜುಕಿನಿ, ಬದನೆ, ಸಿಹಿಗುಂಬಳ ಮೂರನ್ನೂ ಮೊದಲು ಒಂದೇ ಮಸಾಲೆಯಲ್ಲಿ ಮಾಡಿದೆ. ಆಮೇಲೆ ಒಂದೊಂದನ್ನೂ ಅದಕ್ಕೆ ಒಗ್ಗುವ ಹಾಗೆ ಮಾಡಿ ನೋಡಿದೆ.

ಮಸಾಲೆ ನಮ್ಮ ಕಡೆಯ ಎಣ್ಣೆಗಾಯಿಯದೇ. ಹುರಿದ ಶೇಂಗಾ, ಗುರೆಳ್ಳು (ಹುಚ್ಚೆಳ್ಳು), ಒಣಕೊಬ್ಬರಿ, ಬೆಳ್ಳುಳ್ಳಿ, ಕೆಂಪು ಖಾರ, ಹುಣಸೆ ರಸ, ಚೂರು ಬೆಲ್ಲ.

ಬದನೆಕಾಯಿಯಿಂದ ಶುರು ಮಾಡುತ್ತೇನೆ, ಯಾಕೆಂದರೆ ಈ ಮಸಾಲೆ ಹುಟ್ಟಿದ್ದೇ ಅದಕ್ಕೆ. ತೊಟ್ಟು ಬಿಡಿಸದೆ ನಾಲ್ಕು ಸೀಳು ಮಾಡಿ ತುಂಬಿದರೆ ಕಾಯಿ ಮಸಾಲೆಯನ್ನು ಹಿಡಿದುಕೊಳ್ಳುತ್ತದೆ. ಬೆಂದ ಮೇಲೂ ಆಕಾರ ಬಿಡುವುದಿಲ್ಲ, ಒಳಗೆ ಮಾತ್ರ ಬೆಣ್ಣೆಯಾಗುತ್ತದೆ. ರೊಟ್ಟಿ ಚೂರಿನಿಂದ ಒತ್ತಿದರೆ ಸಾಕು, ಬರುತ್ತದೆ. ಕಟಿ ರೊಟ್ಟಿ ಆದರಂತೂ ಎಣ್ಣೆ, ಹುಣಸೆ, ಶೇಂಗಾ ಮೂರೂ ಸೇರಿದ ಆ ಗಟ್ಟಿ ರಸದಲ್ಲೇ ಮೆತ್ತಗಾಗಬೇಕು. ಈ ಕೆಲಸ ಬೇರೆ ಯಾವ ಕಾಯಿಯೂ ಇಷ್ಟು ಚೆನ್ನಾಗಿ ಮಾಡಲಿಲ್ಲ.

ತೊಂದರೆ ಇರುವುದೂ ಅಲ್ಲೇ. ಬದನೆಯ ತಿರುಳಿನಲ್ಲಿ ಗಾಳಿ ತುಂಬಿದ ಸಣ್ಣ ಸಣ್ಣ ಸಂದು ಇರುತ್ತವೆ. ಬಾಣಲೆಗೆ ಬಿದ್ದ ಕೂಡಲೇ ಸ್ಪಂಜಿನ ಹಾಗೆ ಎಣ್ಣೆ ಹೀರುತ್ತದೆ. ಲೆಕ್ಕ ಹಾಕಿ ನೋಡಿ. 100 ಗ್ರಾಂ ಹಸಿ ಬದನೆಯಲ್ಲಿ ಇರುವುದು ಸುಮಾರು 25 ಕ್ಯಾಲೊರಿ. ಅರ್ಧ ಕಿಲೋಗೆ 125. ಆದರೆ ಒಂದು ದೊಡ್ಡ ಚಮಚ ಎಣ್ಣೆಯಲ್ಲೇ ಸುಮಾರು 120 ಇದೆ. ನಮ್ಮ ಮನೆಯಲ್ಲಿ ಅರ್ಧ ಕಿಲೋ ಎಣ್ಣೆಗಾಯಿಗೆ ಆರು ಚಮಚ ಸುರಿಯುವುದು ಮಾಮೂಲು. ಅಂದರೆ ಎಣ್ಣೆಯದೇ 720. ಶೇಂಗಾ ಬೇರೆ. ಬದನೆ ತಿಂದರೆ ದಪ್ಪ ಆಗ್ತೀವಿ ಅನ್ನುವವರು ಬದನೆಯನ್ನು ಸುಮ್ನೆ ಬೈಯುತ್ತಾರೆ, ಅಲ್ವಾ?

ಇದಕ್ಕೆ ನನಗೆ ಸರಿ ಕಂಡ ದಾರಿ ಹಬೆ. ಸೀಳಿದ ಕಾಯಿಯನ್ನು ಇಡ್ಲಿ ಪಾತ್ರೆಯಲ್ಲಿ ಅರೆಬೇಯಿಸಿ, ಆರಿದ ಮೇಲೆ ಮಸಾಲೆ ತುಂಬಿ, ಮುಚ್ಚಳ ಮುಚ್ಚಿ ಸಣ್ಣ ಉರಿಯಲ್ಲಿ ಇಡಿ. ಬೆಂದ ಕಾಯಿಯ ಸಂದುಗಳು ಆಗಲೇ ಕುಸಿದಿರುತ್ತವೆ, ಎಣ್ಣೆ ಒಳಗೆ ಹೋಗುವುದಿಲ್ಲ. ಮೂರು ಚಮಚದಲ್ಲಿ ಮುಗಿಯಿತು. ರುಚಿ ಅಷ್ಟೇ ಇತ್ತಾ ಎಂದರೆ, ಇಲ್ಲ. ಸಿಪ್ಪೆ ಎಣ್ಣೆಯಲ್ಲಿ ಸುಕ್ಕಾಗುವಾಗ ಬರುವ ಘಮ ಕಡಿಮೆ. ಆದರೆ ದಿನದ ಊಟಕ್ಕೆ ಧಾರಾಳ ಆಯಿತು. ಹಬ್ಬಕ್ಕೆ ಆರು ಚಮಚವೇ ಇರಲಿ. ಹೆಚ್ಚಿ ಪಲ್ಯ ಮಾಡುವುದಾದರೆ ಉಪ್ಪು ಸವರಿ ಅರ್ಧ ಗಂಟೆ ಇಟ್ಟು ಹಿಂಡಿದರೂ ಇದೇ ಲಾಭ ಸಿಗುತ್ತದೆ.

ಇನ್ನು ಜುಕಿನಿ. 100 ಗ್ರಾಂಗೆ 17 ಕ್ಯಾಲೊರಿ, ಹತ್ತಿರ ಹತ್ತಿರ 95 ಭಾಗ ನೀರು. ಹಾಳೆಯ ಮೇಲೆ ಬದನೆಗಿಂತ ಹಗುರ, ನಿಜ. ಆ 8 ಕ್ಯಾಲೊರಿ ವ್ಯತ್ಯಾಸಕ್ಕೆ ಇಷ್ಟು ಗದ್ದಲ ಯಾಕೋ ನನಗೆ ತಿಳಿಯುವುದಿಲ್ಲ, ಅದು ಕಾಲು ಟೀ ಚಮಚ ಎಣ್ಣೆಗೂ ಸಮ ಇಲ್ಲ. ನಾರಿನಂಶ ನೋಡಿದರೆ ಬದನೆಯಲ್ಲಿ 3 ಗ್ರಾಂ, ಇದರಲ್ಲಿ 1. ಜುಕಿನಿ ನಿಜವಾಗಿ ಗೆಲ್ಲುವುದು ವಿಟಮಿನ್ ಸಿ ವಿಷಯದಲ್ಲಿ. ಇದರಲ್ಲಿ ಸುಮಾರು 18 ಮಿಲಿಗ್ರಾಂ, ಬದನೆಯಲ್ಲಿ ಎರಡೇ.

ಎಣ್ಣೆಗಾಯಿಗೆ ಇದು ಆಗಲಿಲ್ಲ. ದಪ್ಪ ತುಂಡು ಮಾಡಿ, ನಡುವೆ ಕೊರೆದು ಮಸಾಲೆ ತುಂಬಿದೆ. ಉಪ್ಪು ತಾಗಿದ ಕೂಡಲೇ ನೀರು ಬಿಡಲು ಶುರು. ಕಾಯಿ ಬೇಯುವ ಹೊತ್ತಿಗೆ ಮಸಾಲೆಯೆಲ್ಲ ಹೊರಗೆ, ಬಾಣಲೆಯಲ್ಲಿ ತೆಳ್ಳಗಿನ ಸಾರು. ಅತ್ತೆ ತಟ್ಟೆ ನೋಡಿ, "ಏನವ್ವಾ, ಸೌತಿಕಾಯಿ ಪಲ್ಯ ಮಾಡೀಯೇನು?" ಅಂದರು. ಅನ್ನಕ್ಕಾದರೆ ನಡೆಯುತ್ತದೆ, ಗಂಗಾವತಿಯ ಸೋನಾ ಮಸೂರಿ ಮೇಲೆ ಹಾಕಿಕೊಂಡು ನಾನೇ ತಿಂದೆ. ರೊಟ್ಟಿಗೆ ಮಾತ್ರ ಹತ್ತುವುದಿಲ್ಲ.

ಆದರೆ ಅದೇ ಜುಕಿನಿ ಪಚಡಿಯಲ್ಲಿ ಬೇರೆಯೇ ಆಯಿತು. ಸಿಪ್ಪೆ ಸಮೇತ ತುರಿದು, ಉಪ್ಪು ಹಾಕದೆ, ಹೆಚ್ಚಿದ ಉಳ್ಳಾಗಡ್ಡಿ, ಕೊತ್ತಂಬರಿ, ಗುರೆಳ್ಳು ಪುಡಿ, ಸ್ವಲ್ಪ ಗಟ್ಟಿ ಮೊಸರು. ಮೇಲೆ ಸಾಸಿವೆ, ಕರಿಬೇವಿನ ಒಗ್ಗರಣೆ. ಉಪ್ಪು ತಟ್ಟೆಗೆ ಬಡಿಸುವಾಗ ಮಾತ್ರ. ಬೇಯಿಸುವುದಿಲ್ಲವಾದ್ದರಿಂದ ವಿಟಮಿನ್ ಸಿ ಕೂಡ ಹಾಳಾಗುವುದಿಲ್ಲ. ಏಪ್ರಿಲ್ ಬಿಸಿಲಲ್ಲಿ ಬಿಸಿ ರೊಟ್ಟಿ ಪಕ್ಕ ಇದು ತಣ್ಣಗೆ ಇಳಿಯುತ್ತದೆ. ಎಳೆ ಸೌತೆಕಾಯಿಗಿಂತ ಮೆತ್ತಗೆ, ಬೀಜದ ತಂಟೆ ಇಲ್ಲ. ತಾಲಿಪಟ್ಟಿಗೂ ಚೆನ್ನ. ತುರಿಯನ್ನು ಜೋಳದ ಹಿಟ್ಟು, ಕಡಲೆ ಹಿಟ್ಟಿನ ಜೊತೆ ಕಲಸಿ. ಅದರ ನೀರೇ ಸಾಕು, ಬೇರೆ ನೀರು ಬೇಡ. ಮಕ್ಕಳು ಒಳಗೆ ಏನಿದೆ ಅಂತ ಕೇಳಲೂ ಇಲ್ಲ.

ಇಲ್ಲಿ ಒಂದು ಮಾತು ಹೇಳಲೇಬೇಕು. ಜುಕಿನಿಯನ್ನು ಬದನೆ ಎದುರು ನಿಲ್ಲಿಸುವುದೇ ತಪ್ಪು ಜೋಡಿ. ಅದರ ನಿಜವಾದ ಎದುರಾಳಿ ನಮ್ಮ ಹೀರೆಕಾಯಿ. ಅದೂ ನೀರಿನ ಕಾಯಿ, ಅದೂ ಹಗುರ, ಬೇಗ ಬೇಯುತ್ತದೆ. ಹೆಸರುಬೇಳೆ ಹಾಕಿ ಪಲ್ಯ ಮಾಡಿದರೆ ಬಿಟ್ಟ ನೀರನ್ನು ಬೇಳೆ ಕುಡಿಯುತ್ತದೆ, ರೊಟ್ಟಿಗೆ ಬೇಕಾದ ಹದ ತಾನಾಗಿ ಬರುತ್ತದೆ. ಇದೇ ಉಪಾಯವನ್ನು ಜುಕಿನಿಗೂ ಮಾಡಿದೆ, ಪಲ್ಯ ಚೆನ್ನಾಗಿಯೇ ಬಂತು. ಆದರೆ ಹೀರೆಕಾಯಿಯ ಸಿಪ್ಪೆಯಿಂದ ಚಟ್ನಿಯೂ ಆಗುತ್ತದೆ, ಸಂತೆಯಲ್ಲಿ ತಾಜಾ ಸಿಗುತ್ತದೆ. ಹಸಿ ಪಚಡಿ ಒಂದನ್ನು ಬಿಟ್ಟರೆ ಜುಕಿನಿಗೆ ಅಷ್ಟು ದುಡ್ಡು ಕೊಡಲು ನನಗೆ ಕಾರಣ ಸಿಗಲಿಲ್ಲ.

ಕುಂಬಳ ನನಗೆ ಅಚ್ಚರಿ ತಂದ ಕಾಯಿ. ನಮ್ಮಲ್ಲಿ ಇದು ಗಾರಿಗೆ ಮಾಡುವ ದಿನ ಮಾತ್ರ ನೆನಪಾಗುತ್ತದೆ. ತುರಿದು ಬೆಲ್ಲದ ಜೊತೆ ಬೇಯಿಸಿ, ಹಿಟ್ಟು ಕಲಸಿ, ಕರಿದು ತಿಂದರೆ ಆಯಿತು, ಮತ್ತೆ ಮುಂದಿನ ಹಬ್ಬದವರೆಗೂ ಮರೆತುಬಿಡುತ್ತೇವೆ. ಪೌಷ್ಟಿಕತೆಯ ಲೆಕ್ಕ ಹಿಡಿದರೆ ಮೂರರಲ್ಲಿ ಮುಂದಿರುವುದು ಇದೇ. 100 ಗ್ರಾಂಗೆ 26 ಕ್ಯಾಲೊರಿ, ಬದನೆಯಷ್ಟೇ ಅನ್ನಿ. ಆದರೆ ಹಳದಿ ಬಣ್ಣ ಕೊಡುವ ಬೀಟಾ ಕ್ಯಾರೊಟಿನ್ ಸುಮಾರು 3 ಮಿಲಿಗ್ರಾಂ ಇರುತ್ತದೆ. ದೇಹ ಅದನ್ನು ವಿಟಮಿನ್ ಎ ಮಾಡಿಕೊಳ್ಳುತ್ತದೆ. ದೊಡ್ಡವರಿಗೆ ಒಂದು ದಿನಕ್ಕೆ ಬೇಕಾದ್ದರಲ್ಲಿ ಅರ್ಧದಷ್ಟು ಅಷ್ಟರಲ್ಲೇ ಬರುತ್ತದೆ. ಬದನೆ, ಜುಕಿನಿ ಎರಡೂ ಈ ವಿಷಯದಲ್ಲಿ ಹತ್ತಿರಕ್ಕೂ ಬರುವುದಿಲ್ಲ. ಪೊಟ್ಯಾಸಿಯಂ ಕೂಡ ಇದರಲ್ಲೇ ಜಾಸ್ತಿ. ತಮಾಷೆ ಎಂದರೆ ಜುಕಿನಿಯೂ ಕುಂಬಳದ ಕುಲದ್ದೇ. ಎರಡರ ಮೂಲವೂ ಅಮೆರಿಕ ಖಂಡ. ಮೂರರಲ್ಲಿ ನಮ್ಮ ನೆಲದ್ದು ಅನ್ನಬಹುದಾದದ್ದು ಬದನೆ ಒಂದೇ.

ಕ್ಯಾರೊಟಿನ್ ಮೈಗೆ ಹತ್ತಬೇಕಾದರೆ ಜೊತೆಗೆ ಸ್ವಲ್ಪ ಕೊಬ್ಬು ಬೇಕು. ಶೇಂಗಾ ಮತ್ತು ಗುರೆಳ್ಳಿನ ಮಸಾಲೆ ಅದನ್ನು ಒದಗಿಸುತ್ತದೆ. ಮಸಾಲೆಯಲ್ಲಿ ಬೆಲ್ಲ ಬಿಟ್ಟು, ಹುಣಸೆ ಮತ್ತು ಖಾರ ಸ್ವಲ್ಪ ಏರಿಸಿದೆ. ದೊಡ್ಡ ಹೋಳು ಮಾಡಿ, ನೀರು ಚಿಮುಕಿಸಿ, ಎರಡೇ ಚಮಚ ಎಣ್ಣೆಯಲ್ಲಿ ಬೇಯಿಸಿದೆ. ಹೋಳಿನ ಅಂಚು ಕರಗಿ ಮಸಾಲೆ ಜೊತೆ ಸೇರಿ ದಪ್ಪ ಗೊಜ್ಜಾಯಿತು. ರೊಟ್ಟಿಗೆ ಅಂಟಿಕೊಂಡು ಬಂತು. ಅತ್ತೆ ಎರಡನೇ ಸಲ ಹಾಕಿಸಿಕೊಂಡರು. ಮನೆಯವರು ಮಾತ್ರ "ಪಲ್ಯ ಸಿಹಿ ಇರಬಾರದು" ಅಂತ ಬದನೆ ಪಕ್ಷವೇ. ಅವರ ಮಾತಿನಲ್ಲೂ ಸತ್ಯ ಇದೆ: ಈ ಸಿಹಿ ಎರಡು ದಿನ ಸಾಲಾಗಿ ತಿನ್ನಲು ಬಿಡುವುದಿಲ್ಲ.

ಬೀಜ ಎಸೆಯಬೇಡಿ. ತೊಳೆದು ಒಣಗಿಸಿ, ಹಂಚಿನ ಮೇಲೆ ಹುರಿದು, ಸಿಪ್ಪೆ ಬಿಡಿಸಿ. ತಿರುಳಿನಲ್ಲಿ 100 ಗ್ರಾಂಗೆ ಸುಮಾರು 30 ಗ್ರಾಂ ಪ್ರೋಟೀನ್, ಶೇಂಗಾಕ್ಕಿಂತ ಸ್ವಲ್ಪ ಮೇಲೆ. ಬಿಡಿಸುವುದು ಮಾತ್ರ ದೊಡ್ಡ ಕಿರಿಕಿರಿ, ಕರೆಂಟ್ ಹೋದ ಮಧ್ಯಾಹ್ನಕ್ಕೆ ಸರಿ.

ಇಡುವ ವಿಷಯದಲ್ಲಿ ಕುಂಬಳದ ಮುಂದೆ ಯಾರೂ ಇಲ್ಲ. ಬಲಿತ ಇಡೀ ಕಾಯಿ ಫ್ರಿಜ್ ಇಲ್ಲದೆ ತಿಂಗಳುಗಟ್ಟಲೆ ಇರುತ್ತದೆ. ಕತ್ತರಿಸಿದ ಮೇಲೆ ಬೇಗ ಮುಗಿಸಿ. ಬದನೆ ಫ್ರಿಜ್‌ನಲ್ಲಿ ಇಟ್ಟಷ್ಟೂ ಸೊರಗುತ್ತದೆ, ಸಂತೆಯಿಂದ ತಂದ ಒಂದೆರಡು ದಿನದಲ್ಲೇ ಮಾಡಿದರೆ ಒಳ್ಳೆಯದು. ಕೊಳ್ಳುವಾಗ ತೊಟ್ಟು ಹಸಿರಾಗಿರಲಿ, ಗಾತ್ರಕ್ಕೆ ಹಗುರ ಇರಲಿ. ಭಾರ ಇದ್ದರೆ ಬೀಜ ಬಲಿತಿರುತ್ತದೆ. ತೂತು ಇದ್ದರೆ ಒಳಗೆ ಹುಳ. ಬದನೆ ತಿಂದರೆ ಬಾಯಿ, ಮೈ ತುರಿಸುವವರು ಇದ್ದಾರೆ, ಅಂಥವರು ಹಬೆ ಗಿಬೆ ಅಂತ ಪ್ರಯತ್ನ ಮಾಡದೆ ಬಿಟ್ಟುಬಿಡಬೇಕು.

ಜುಕಿನಿ ತರುವುದಾದರೆ ಗೇಣುದ್ದದ ಎಳೆಯದು ತನ್ನಿ. ದೊಡ್ಡದರಲ್ಲಿ ಬೀಜ ಮತ್ತು ನೀರು ಬಿಟ್ಟರೆ ಏನೂ ಇಲ್ಲ. ಹೆಚ್ಚುವ ಮೊದಲು ಒಂದು ಚೂರು ಬಾಯಿಗೆ ಹಾಕಿ ನೋಡಿ. ಕಹಿ ಇದ್ದರೆ ಇಡೀ ಕಾಯಿ ಬಿಸಾಡಿ. ಆ ಕಹಿಗೆ ಕುಕುರ್ಬಿಟಾಸಿನ್ ಎಂಬ ಅಂಶ ಕಾರಣ, ಬೇಯಿಸಿದರೂ ಹೋಗುವುದಿಲ್ಲ, ವಾಂತಿ ಭೇದಿ ತರುತ್ತದೆ. ಹೀರೆ, ಸೋರೆ, ಕುಂಬಳ ಮೂರಕ್ಕೂ ಇದೇ ಮಾತು. ಕಹಿ ಸೋರೆಕಾಯಿ ರಸವನ್ನು ಔಷಧಿ ಅಂತ ಮೂಗು ಮುಚ್ಚಿ ಕುಡಿಯುವವರು ನಿಮ್ಮ ಮನೆಯಲ್ಲಿ ಇದ್ದರೆ ಇವತ್ತೇ ಬಿಡಿಸಿ.