ಮೊದಲ ಕನ್ಸೋಲ್: ಪಿಎಸ್5 ಒಳ್ಳೆಯದಾ, ಎಕ್ಸ್‌ಬಾಕ್ಸಾ?

ವಿಡಿಯೋ ಗೇಮ್ ಆಡುವ ಯಂತ್ರವೇ ಕನ್ಸೋಲ್. ಸೋನಿಯ ಪ್ಲೇಸ್ಟೇಷನ್ 5 (ಪಿಎಸ್5), ಮೈಕ್ರೋಸಾಫ್ಟ್‌ನ ಎಕ್ಸ್‌ಬಾಕ್ಸ್ ಸೀರೀಸ್, ಎರಡೂ 2020ರ ನವೆಂಬರ್‌ನಲ್ಲಿ ಬಂದವು. ಎರಡರ ಕಣ್ಣೂ ಒಂದೇ ಜೇಬಿನ ಮೇಲೆ. ಮೈಕ್ರೋಸಾಫ್ಟ್‌ನದೇ ಕಾರ್ ರೇಸ್ ಆಟ ಫೋರ್ಜಾ ಹೊರೈಜನ್ 5 ಕೂಡ 2025ರಲ್ಲಿ ಪಿಎಸ್5ಗೆ ಬಂತು. ಹಾಗಾಗಿ ಆಟಗಳ ಪಟ್ಟಿ ಹಿಡಿದು ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ. ಆಟದ ಡಿಸ್ಕ್ ಹಾಕುವ ಜಾಗ ಬೇಕಾ, ಬೇಡವಾ? ಅದನ್ನು ಮೊದಲು ನಿರ್ಧರಿಸಿ.

ಎಕ್ಸ್‌ಬಾಕ್ಸ್ ಸೀರೀಸ್ ಎಸ್ ಚಿಕ್ಕದು, ಮಣಿಪಾಲದ ಹಾಸ್ಟೆಲ್ ಮೇಜಿನ ಮೂಲೆಯಲ್ಲೂ ಕೂರುತ್ತದೆ. ಆದರೆ ಡಿಸ್ಕ್ ಹಾಕುವ ಜಾಗವೇ ಇಲ್ಲ. ಎಲ್ಲವನ್ನೂ ಡೌನ್‌ಲೋಡ್ ಮಾಡಬೇಕು. ಕೆಲವು ಆಟಗಳು 100 ಜಿಬಿ ದಾಟುತ್ತವೆ. ಹಾಸ್ಟೆಲ್ ವೈಫೈ ನೆಚ್ಚಿಕೊಂಡರೆ ಕಷ್ಟ, ಅಲ್ವಾ?

ಡಿಸ್ಕ್ ಹಾಕುವ ಜಾಗ ಇರುವ ಪಿಎಸ್5ಗೆ ದುಡ್ಡು ಜಾಸ್ತಿ. ಆದರೆ ಆಡಿ ಮುಗಿಸಿದ ಡಿಸ್ಕನ್ನು ಗೆಳೆಯರ ಜೊತೆ ಬದಲಾಯಿಸಬಹುದು, ಮಾರಲೂಬಹುದು. ನನ್ನ ಮತ ಅದಕ್ಕೇ.

ನಿಂಟೆಂಡೊ ಸ್ವಿಚ್ ಎರಡನೆಯ ಕನ್ಸೋಲಾಗಿ ಚೆನ್ನ. ಮಂಗಳೂರಿನ ಮಳೆಗೆ ಕರೆಂಟ್ ಹೋದರೂ ಬ್ಯಾಟರಿಯಲ್ಲಿ ಓಡುವುದು ಈ ಮೂರರಲ್ಲಿ ಅದೊಂದೇ.